ರೊಟುಮನ್ ಭಾಷೆಯ ‘ಹೊಸ’, ‘ಹೊಅಸ್’: ಇವಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಒಂದೇ ಪದ ತಾಳೋ ಎರಡು ರೂಪಗಳಿಗೆ ಹೆಸರಾಗಿ ಎರಡು ಪದ ಬೇಕಾಗಿತ್ತು, ಸ್ವಲ್ಪ ಉದ್ದಕ್ಕೆ ಹೇಳ್ಬೇಕಾಗುತ್ತೆ. ಫಿಜಿಗೆ ಸೇರಿದ್ರೂ ಅದರ ಮುಖ್ಯ ದ್ವೀಪಗಳಿಂದ ನೂರಾರು ಕಿಲೋಮೀಟರ್ ಉತ್ತರಕ್ಕಿರೋ ರೊಟುಮಾ ದ್ವೀಪದ ಭಾಷೆ ಬಗ್ಗೆ ಬರೀತಾ ಇದೀನಿ. ಅಲ್ಲಿ ‘ಹೊಸ’ ಅಂದ್ರೆ ಹೂವು. ನಮಗೆ ನೋಡಿದ ತಕ್ಷಣ ಖುಷಿಯಾಗುತ್ತೆ, ಆದ್ರೆ ನನ್ನ ತಲೆ ತಿಂತಿರೋದು ಬೇರೆ, ಅದೇ ಹೂವು ವಾಕ್ಯದಲ್ಲಿ ಎಷ್ಟೋ ಕಡೆ ‘ಹೊಅಸ್’ ಆಗ್ಬಿಡುತ್ತೆ, ಕೊನೇಲಿದ್ದ ಅ ಸಕಾರಕ್ಕಿಂತ ಮುಂಚೆ ಬಂದು ಕೂರುತ್ತೆ. ಬೈಬಲ್ ಜೊತೆ ಬಂದ ಎರವಲು ಪದ ‘ಪರೊಫಿತ’ (ಪ್ರವಾದಿ) ಕೂಡ ‘ಪರೊಫಿಅತ್’ ಆಗುತ್ತೆ ಅಂದ್ರೆ ಈ ನಿಯಮ ಎಷ್ಟು ಜೀವಂತವಾಗಿದೆ ನೋಡಿ.

ಇದನ್ನ ವರ್ಣವ್ಯತ್ಯಯ (ಪದದೊಳಗಿನ ಸದ್ದುಗಳು ಜಾಗ ಬದಲಾಯಿಸೋದು) ಅನ್ನಬಹುದು ಸರಿ. ನಮ್ಮ ಒರಳು ತೆಲುಗಿನಲ್ಲಿ ರೋಲು ಆಗಿರೋದೂ ಅದೇ ಥರದ್ದು. ಆದ್ರೆ ಅದು ಯಾವತ್ತೋ ಒಂದ್ಸಲ ಆಗಿ ಮುಗಿದ ಬದಲಾವಣೆ. ರೊಟುಮನ್‌ನಲ್ಲಿ ಎರಡೂ ರೂಪ ಇವತ್ತಿಗೂ ಬಾಯಲ್ಲಿವೆ, ಅರ್ಥವೂ ಬೇರೆ. ‘ಎಪ ಲಾ ಹೊಅ’ ಅಂದ್ರೆ ಆ ಚಾಪೆಗಳನ್ನ ತರ್ತಾರೆ, ‘ಎಅಪ್ ಲಾ ಹೊಅ’ ಅಂದ್ರೆ ಯಾವುದೋ ಕೆಲವು ಚಾಪೆ ತರ್ತಾರೆ. (ಇಲ್ಲಿ ಹೊಅ ಆದ್ಮೇಲೆ, ಎಪ ಶುರುವಲ್ಲೂ, ಗಂಟಲು ಒಂದು ಕ್ಷಣ ಬಿಗಿಹಿಡಿದು ಬಿಡೋ ಸದ್ದಿದೆ, ಅಲ್ಲಿ ಅದೂ ಒಂದು ವ್ಯಂಜನವೇ, ನಮ್ಮ ಲಿಪೀಲಿ ಅಕ್ಷರ ಇಲ್ಲ.)

1940ರಲ್ಲಿ ಬಂದ ವ್ಯಾಕರಣದಲ್ಲಿ ಚರ್ಚ್‌ವರ್ಡ್ ಅನ್ನೋ ಮಿಷನರಿ ಇವನ್ನ ಕಂಪ್ಲೀಟ್ ಫೇಸ್, ಇನ್‌ಕಂಪ್ಲೀಟ್ ಫೇಸ್ ಅಂತ ಕರೆದ್ರು. ನಾನು ಮೊದ್ಲು ಪೂರ್ಣರೂಪ, ಊನರೂಪ ಅಂತ ಬರ್ಕೊಂಡಿದ್ದೆ, ಈಗ ಊನ ಅನ್ನೋಕೆ ಮನಸ್ಸೇ ಬರ್ತಿಲ್ಲ, ಯಾಕಂದ್ರೆ ಹೊಅಸ್‌ನಲ್ಲಿ ಕಮ್ಮಿಯಾಗಿರೋದು ಏನಿದೆ, ಎಲ್ಲಾ ಸದ್ದೂ ಅಲ್ಲೇ ಇದೆ! ‘ಮೊಸೆ’ (ಮಲಗು) ಪದದಲ್ಲಿ ಕೊನೇ ಎ ಹೋಗುತ್ತೆ ನಿಜ, ಆದ್ರೆ ಹೋಗೋವಾಗ ಒಕಾರಕ್ಕೆ ತನ್ನ ಬಣ್ಣ ಬಳಿದು ಹೋಗುತ್ತೆ, ತುಟೀನ ಒ ಅನ್ನೋ ಹಾಗೆ ದುಂಡಗೆ ಇಟ್ಕೊಂಡು ಒಳಗೆ ನಾಲಿಗೇಲಿ ಎ ಅಂದ್ನೋಡಿ, ಆ ಸ್ವರ ಬರುತ್ತೆ. ‘ರಕೊ’ (ಅನುಕರಿಸು) ‘ರಕ್’ ಆದಾಗ ಮಾತ್ರ ಸ್ವರ ಸುಮ್ನೆ ಬಿದ್ದುಹೋಗುತ್ತೆ, ಊನ ಅಂತ ಒಪ್ಪಬಹುದಾದ್ದು ಅದೊಂದೇ.

ಕೂಡುರೂಪ ಅನ್ನೋಣ ಅಂತಲೂ ಯೋಚಿಸಿದೆ. ಮುಂದೆ ಇನ್ನೊಂದು ಪದ ಅಂಟಿಕೊಂಡಾಗ ಈ ರೂಪವೇ ಬರೋದು, ನಮ್ಮಲ್ಲಿ ಹಿರಿದು ಅನ್ನೋದು ಹೆಮ್ಮರದಲ್ಲಿ ‘ಹೆ’ ಆಗೋ ಹಾಗೆ. ಆದ್ರೆ ‘ಕೆಲವು ಚಾಪೆ’ ಅನ್ನೋವಾಗ ಎಅಪ್ ಯಾವುದರ ಜೊತೆಗೂ ಕೂಡಿಲ್ವಲ್ಲ, ಅಲ್ಲಿ ಈ ಹೆಸರು ಕೈಕೊಡುತ್ತೆ.

ಎರಡು ಕಡೆಗೂ ಒಪ್ಪೋ ಪದ ಯಾರಿಗಾದ್ರೂ ಹೊಳೆದ್ರೆ ಹೇಳಿ. ಹಳಗನ್ನಡ ವ್ಯಾಕರಣ ಓದಿದೋರು, ಕೇಶಿರಾಜನ ಪರಿಭಾಷೇಲಿ ಇದಕ್ಕೆ ಹತ್ರದ್ದು ಏನಾದ್ರೂ ಇದ್ಯಾ ಅಂತಲೂ ತಿಳಿಸಿ, ಹೊಸದಾಗಿ ಕಟ್ಟೋದಕ್ಕಿಂತ ಅದೇ ನನಗಿಷ್ಟ.