ಕೈಯಲ್ಲಿ ತಿರುಗಿಸುವ ಹಳೆಯ ಮೆರ್ರಿ ಗೋ ರೌಂಡ್: ಜಾತ್ರೆಗೆ ಇಳಿಸುವ ಮೊದಲು ಎಂತೆಲ್ಲ ನೋಡಬೇಕು?

ಪಡುಗಾಳಿ, ಕಾಪು

ನಮ್ಮ ಯುವಕ ಮಂಡಲದ ಶೆಡ್ಡಿನಲ್ಲಿ ಜಾತ್ರೆಯ ಹಳೆಯ ಕುದುರೆ ಮೆರ್ರಿ ಗೋ ರೌಂಡ್ ಒಂದು ಬಿಚ್ಚಿಟ್ಟದ್ದು ಉಂಟು. ನಡುವೆ ತಿರುಗದೆ ನಿಲ್ಲುವ 50 ಮಿ.ಮೀ. ಶಾಫ್ಟ್, ಅದರ ಮೇಲೆ 60 ಸೆಂ.ಮೀ. ಉದ್ದದ ಹಬ್ (ಶಾಫ್ಟಿನ ಸುತ್ತ ತಿರುಗುವ ದಪ್ಪ ಕೊಳವೆ), ಹಬ್ಬಿನಿಂದ ಎಂಟು ಪೈಪಿನ ಕೈಗಳು, ಒಂದೊಂದು 2 ಮೀಟರ್. ಪ್ರತಿ ಕೈಯ ತುದಿಯಿಂದ 1.2 ಮೀಟರ್ ಸರಳಿನಲ್ಲಿ ಒಂದೊಂದು ಮರದ ಕುದುರೆ ನೇತಾಡುತ್ತದೆ. ಮೋಟಾರ್ ಇಲ್ಲ, ಒಬ್ಬರು ಒಳಗೆ ನಿಂತು ತಳ್ಳುವುದು.

ಜೋಡಿಸಿ ನೋಡಿದೆವು. ಇಡೀ ಮೇಲ್ಭಾಗ ಓಲಾಡುತ್ತದೆ, ಕಿರ್ ಕಿರ್ ಶಬ್ದ ಬರುತ್ತದೆ, ಬಿಟ್ಟಾಗೆಲ್ಲ ಒಂದೇ ಕುದುರೆ ಒಂದೇ ಕಡೆ ಬಂದು ನಿಲ್ಲುತ್ತದೆ. ಎರಡು ಕುದುರೆಯ ಹೊಟ್ಟೆಯಲ್ಲಿ ಬಿರುಕು. ಕುದುರೆ ಹೊರಗೆ ಹಾರದ ಹಾಗೆ ಇನ್ನೊಂದು ಸರಳು ವೆಲ್ಡ್ ಮಾಡಿ ಮೋಟಾರ್ ಇಡುವ ಅಂತ ಮಂಡಲದಲ್ಲಿ ಕೆಲವರ ಅಭಿಪ್ರಾಯ. ನನಗೆ ಮನಸ್ಸು ಒಪ್ಪುವುದಿಲ್ಲ. ಈಗ ಜಾತ್ರೆಗೆ ಬರುವುದು ಬ್ರೇಕ್ ಡ್ಯಾನ್ಸು, ಕೊಲಂಬಸ್ಸು. ತಳ್ಳಿ ತಿರುಗಿಸುವ ಇಂಥದ್ದು ಇನ್ನು ಸಿಗುವುದಿಲ್ಲ. ತಿಳಿದವರು ದಾರಿ ಹೇಳಿ.

ಬೈಕಂಪಾಡಿ ಫಿಟ್ಟರ್

ಓಲಾಟದ ಮೂಲ ಹಬ್ಬಿನ ಒಳಗಿನ ಬುಶ್, ಅಂದರೆ ಶಾಫ್ಟಿಗೂ ಹಬ್ಬಿಗೂ ನಡುವೆ ಕೂರುವ ಲೋಹದ ಬಳೆ. ಮೇಲಿನ ಮತ್ತು ಕೆಳಗಿನ ಬುಶ್ ನಡುವೆ 60 ಸೆಂ.ಮೀ. ಅಂತರ ಇದ್ದು, ಸವೆದು 3 ಮಿ.ಮೀ. ಸಡಿಲವಾದರೆ 2 ಮೀಟರ್ ಕೈಯ ತುದಿಯಲ್ಲಿ ಅದೇ 1 ಸೆಂ.ಮೀ. ಆಗುತ್ತದೆ. ಕೈಗಳನ್ನು ಎಷ್ಟು ಬಿಗಿದರೂ ಅದು ಹೋಗುವುದಿಲ್ಲ. ಶಾಫ್ಟನ್ನು ಬುಶ್ ಕೂರುವ ಎರಡೂ ಜಾಗದಲ್ಲಿ ವರ್ನಿಯರ್ (ದಪ್ಪ ಅಳೆಯುವ ಸಾಧನ) ಹಿಡಿದು ಅಡ್ಡ, ಉದ್ದ ಎರಡೂ ದಿಕ್ಕಿನಲ್ಲಿ ಅಳೆಯಿರಿ. ಸವೆದು ತಗ್ಗು ಬಿದ್ದಿದ್ದರೆ ವೆಲ್ಡಿಂಗ್ ತುಂಬಿಸಿ ಲೇತಿಗೆ ಕೊಡುವ ಕೆಲಸ ಬೇಡ, ಆ ಜಾಗದಲ್ಲೇ ಮುಂದೆ ಬಿರುಕು ಹುಟ್ಟುತ್ತದೆ. ಇಎನ್ 8 ಉಕ್ಕಿನ ಹೊಸ ಶಾಫ್ಟ್ ಮಾಡಿಸಿ.

ಬುಶ್ ಬದಲು ಬೇರಿಂಗ್ ಹಾಕುವುದಾದರೆ ಕೆಳಗೆ 30210 ಟೇಪರ್ ರೋಲರ್, ಮೇಲೆ 6210 ಬಾಲ್ ಬೇರಿಂಗ್. ಎರಡರದ್ದೂ ಒಳಗೆ 50, ಹೊರಗೆ 90 ಮಿ.ಮೀ., ಹಾಗಾಗಿ ಹಬ್ಬಿನ ಎರಡು ತುದಿಗೂ ಒಂದೇ ಅಳತೆಯ ಬೋರಿಂಗ್ ಸಾಕು. ಟೇಪರಿನ ಒಳ ಬಳೆಯ ದಪ್ಪ ಬದಿ ಕೆಳಗೆ, ಶಾಫ್ಟಿನ ಕಾಲರ್ ಮೇಲೆ ಕೂರಬೇಕು. ತಲೆಕೆಳಗಾಗಿ ಹಾಕಿದರೆ ಹಬ್ಬಿನ ಭಾರಕ್ಕೆ ಆಧಾರವೇ ಇರುವುದಿಲ್ಲ. ಮೇಲಿನ ಬೇರಿಂಗಿನ ಹೊರ ಬಳೆ ಹಬ್ಬಿನಲ್ಲಿ ಮೇಲೆ ಕೆಳಗೆ ಜಾರುವಷ್ಟು ಸಡಿಲವಿರಲಿ, ಇಲ್ಲದಿದ್ದರೆ ಎರಡೂ ಒಂದರ ವಿರುದ್ಧ ಒಂದು ಎಳೆದಾಡಿ ಬಿಸಿಯಾಗುತ್ತವೆ. ಹಳೆಯ ಗ್ರೀಸ್ ಪೂರ್ತಿ ತೊಳೆದು ತೆಗೆಯಿರಿ, ಹೊಸದನ್ನು ಖಾಲಿ ಜಾಗದ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಕಡಲ ಗಾಳಿಗೆ ಕೆಳಗೆ ಆಯಿಲ್ ಸೀಲ್, ಮೇಲೆ ತಗಡಿನ ಟೊಪ್ಪಿ ಬೇಕೇ ಬೇಕು.

ಒಂದೇ ಕುದುರೆ ಒಂದೇ ಕಡೆ ನಿಲ್ಲುವುದಕ್ಕೆ ಎರಡು ಕಾರಣ ಒಟ್ಟಿಗೆ ಇರಬೇಕು: ಶಾಫ್ಟ್ ವಾಲಿದೆ, ಆ ಕುದುರೆಯ ಬದಿ ಭಾರ ಹೆಚ್ಚು. ಮೊದಲು ಶಾಫ್ಟಿಗೆ ಎರಡು ದಿಕ್ಕಿನಲ್ಲಿ ತೂಗುಗುಂಡು ಹಿಡಿದು ನೇರ ಮಾಡಿ. ಆಮೇಲೆ ಎಂಟೂ ಕುದುರೆಗಳನ್ನು ಬಿಚ್ಚಿ ತೂಗಿ, ಹೆಚ್ಚುಕಡಿಮೆ ಸಮ ತೂಕದವು ಎದುರುಬದುರು ಬರುವ ಹಾಗೆ ಜೋಡಿಸಿ.

ಕೈ ಹಬ್ಬಿಗೆ ಸೇರುವ ವೆಲ್ಡಿಂಗ್ ನೋಡದೆ ಮಕ್ಕಳನ್ನು ಕೂರಿಸಲೇಬಾರದು. ಬಣ್ಣ ತೆಗೆದು ಸೀಮೆಎಣ್ಣೆ ಹಚ್ಚಿ, ಹತ್ತು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿ ಬಳಿಯಿರಿ. ಬಿರುಕಿದ್ದರೆ ಒಳಗಿನ ಎಣ್ಣೆ ಹೊರಬಂದು ಸುಣ್ಣದ ಮೇಲೆ ಕಪ್ಪು ಗೆರೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಪೈಪ್ ಒಳಗಿನಿಂದ ತಿನ್ನುವುದೇ ಹೆಚ್ಚು. ಸುತ್ತಿಗೆಯಲ್ಲಿ ತಟ್ಟಿ, ಠಣ್ ಎನ್ನದೆ ಮಂಕಾಗಿ ಕೇಳಿದರೆ ಆ ಕೈಯನ್ನೇ ಬದಲಿಸಿ.

ಸುತ್ತುಗಾಲಿ, ಮಂಗಳೂರು

ಆ ಎರಡನೇ ಸರಳು ವೆಲ್ಡ್ ಮಾಡ್ಲಿಕ್ಕೆ ಬಿಡಬೇಡಿ ಮಾರಾಯ್ರೆ! ಇಡೀ ಯಂತ್ರದ ಜೀವ ಇರುವುದು ಕುದುರೆ ಹೊರಗೆ ಓಲುವುದರಲ್ಲಿ.

ಲೆಕ್ಕ ನೋಡಿ. ಆರು ಸೆಕೆಂಡಿಗೆ ಒಂದು ಸುತ್ತು ಬಂದರೆ ನಿಮ್ಮ ಅಳತೆಗೆ ಸರಳು ಸುಮಾರು 14 ಡಿಗ್ರಿ ಓಲಿ, ಕುದುರೆ 30 ಸೆಂ.ಮೀ. ಹೊರಗೆ ಹೋಗುತ್ತದೆ. ಮಗುವೂ ಕುದುರೆಯ ಜತೆ ಅಷ್ಟೇ ಓಲುವುದರಿಂದ ಎಳೆತವೆಲ್ಲ ನೇರ ಕೂರುವ ಜಾಗಕ್ಕೇ ಬೀಳುತ್ತದೆ, ಪಕ್ಕಕ್ಕೆ ಜಾರಿಸುವ ಬಲ ಇರುವುದಿಲ್ಲ. ಸರಳನ್ನು ಬಿಗಿದುಬಿಟ್ಟರೆ ಕುದುರೆ ನೆಟ್ಟಗೆ, ಮಗು ಮಾತ್ರ ಹೊರಗೆ. ಆಗ ಬೆಲ್ಟ್ ಬೇಕು, ಪಕ್ಕಕ್ಕೆ ಅಡ್ಡಪಟ್ಟಿ ಬೇಕು, ಕುದುರೆ ಸವಾರಿ ಹೋಗಿ ಕುರ್ಚಿ ಸವಾರಿ ಆಗುತ್ತದೆ.

ಅದೇ ನಾಲ್ಕು ಸೆಕೆಂಡಿಗೆ ಒಂದು ಸುತ್ತು ಓಡಿಸಿದರೆ ಓಲು ಸುಮಾರು 34 ಡಿಗ್ರಿ, ಹೊರಗೆ ಹೋಗುವುದು 65 ಸೆಂ.ಮೀ. ದಾಟುತ್ತದೆ. ಮೋಟಾರ್ ಬೇಡ ಅನ್ನುವುದಕ್ಕೆ ಇದೇ ಕಾರಣ. ತಳ್ಳುವವನ ಕೈಗೆ ಮೇಲಿನ ಭಾರ ತಿಳಿಯುತ್ತದೆ, ಮಗು ಅತ್ತರೆ ಕಿವಿಗೆ ಬೀಳುತ್ತದೆ, ಅಲ್ಲೇ ನಿಧಾನ ಮಾಡುತ್ತಾನೆ.

ತಿರುಗುವ ಆಟಗಳ ಖುಷಿ ಇರುವುದು ವೇಗದಲ್ಲಿ ಅಲ್ಲ, ಆಸನಕ್ಕೆ ಬಿಟ್ಟ ಸ್ವಾತಂತ್ರ್ಯದಲ್ಲಿ. ಅಮೆರಿಕದ ಮಿನೆಸೋಟದಲ್ಲಿ ಹರ್ಬರ್ಟ್ ಸೆಲ್ನರ್ 1926ರಲ್ಲಿ ಮಾಡಿದ ಟಿಲ್ಟ್ ಎ ವರ್ಲ್ ನೋಡಿ. ಏಳು ಬುಟ್ಟಿಗಳು, ಒಂದಕ್ಕೂ ಬೇರೆ ಮೋಟಾರ್ ಇಲ್ಲ. ಏರಿಳಿತದ ಹಾದಿಯಲ್ಲಿ ವೇದಿಕೆ ಸಾಗುವಾಗ ಬುಟ್ಟಿ ತನ್ನಷ್ಟಕ್ಕೆ ಈ ಕಡೆ, ಆ ಕಡೆ ತಿರುಗುತ್ತದೆ. ಕೂತವರ ಭಾರ ಸ್ವಲ್ಪ ಬದಲಾದರೂ ತಿರುಗುವ ರೀತಿ ಬೇರೆ. ವೇದಿಕೆಯ ವೇಗ ತೀರಾ ಹೆಚ್ಚಿಸಿದರೆ ಬುಟ್ಟಿ ಹೊರಬದಿಗೆ ಅಂಟಿಕೊಂಡು ಆಟವೇ ಸಪ್ಪೆ. ನಿಮ್ಮ ಕುದುರೆಗೂ ಆ ಸ್ವಾತಂತ್ರ್ಯ ಉಂಟು, ಅದನ್ನು ಉಳಿಸಿ.

ಪಡುಗಾಳಿ, ಕಾಪು

ಲೆಕ್ಕ ಮಂಡಲದವರಿಗೆ ತೋರಿಸಿದೆ, ಸರಳು ಹಾಗೆಯೇ ಉಳಿಯುತ್ತದೆ. ಇನ್ನು ಕುದುರೆಗಳ ಬಿರುಕು ಮತ್ತು ಬಣ್ಣ. ದೋಣಿಗೆ ಹಚ್ಚುವ ಗೇರು ಎಣ್ಣೆ ಮರಕ್ಕೆ ಒಳ್ಳೆಯದಲ್ಲವಾ?

ಹೆಬ್ಬಲಸು

ದೋಣಿಗೆ ಒಳ್ಳೆಯದು, ಮಕ್ಕಳ ಕೈ ತಾಗುವಲ್ಲಿ ಖಂಡಿತ ಬೇಡ. ಗೇರು ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ.

ಹಳೆಯ ಬಣ್ಣ ಒಣಗಿದ್ದಾಗ ಉಜ್ಜಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೆ ಮೊದಲಿನ ಎನಾಮೆಲ್ ಅಂದರೆ ಸೀಸ ಇದೆ ಎಂದೇ ತಿಳಿಯಿರಿ. ಮಾಸ್ಕ್ ಹಾಕಿ, ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಬಾವಿಕಟ್ಟೆಯ ಹತ್ತಿರ ಈ ಕೆಲಸ ಬೇಡ.

ಬಿರುಕಿಗೆ ಪುಟ್ಟಿ ತುಂಬಿಸಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಉದುರುತ್ತದೆ, ಮರ ಉಬ್ಬುತ್ತದೆ, ಪುಟ್ಟಿ ಉಬ್ಬುವುದಿಲ್ಲ. ಅದೇ ಜಾತಿಯ ಮರದ ತೆಳು ಸೀಳನ್ನು ನಾರಿನ ದಿಕ್ಕು ನೋಡಿ ಎಪಾಕ್ಸಿ ಅಂಟಿನಲ್ಲಿ ಕೂರಿಸಿ. ಸರಳು ಹೊಟ್ಟೆ ದಾಟುವ ತೂತಿನವರೆಗೆ ಬಿರುಕು ಹೋಗಿದ್ದರೆ ಮಾತ್ರ ಆ ಕುದುರೆಯನ್ನು ಓಡಿಸಬೇಡಿ, ಹೊಸ ಹೊಟ್ಟೆ ಮಾಡಿಸಿ. ಮಲ್ಪೆಯಲ್ಲಿ ದೋಣಿ ಕಟ್ಟುವ ಬಡಗಿಗಳಿಗೆ ಇಂಥ ಬಾಗಿದ ಮರದ ಕೆಲಸ ಕೈಗೆ ಒಗ್ಗಿರುತ್ತದೆ.

ಬೈಕಂಪಾಡಿ ಫಿಟ್ಟರ್

ಇನ್ನೆರಡು ಮಾತು. ಸರಳಿನ ಕೊಂಡಿ ಸವೆದು ಮೂಲ ದಪ್ಪದ ಹತ್ತರಲ್ಲಿ ಒಂದು ಪಾಲು ಹೋಗಿದ್ದರೆ ಬದಲಿಸಿ. ಪ್ರತಿ ಸರಳಿನ ಪಕ್ಕದಲ್ಲಿ ಸ್ವಲ್ಪ ಸಡಿಲ ಬಿಟ್ಟು ಗ್ಯಾಲ್ವನೈಸ್ಡ್ ಸರಪಳಿಯನ್ನೂ ಹಾಕಿ, ಕೊಂಡಿ ಮುರಿದರೂ ಕುದುರೆ ಬೀಳುವುದಿಲ್ಲ. ಹತ್ತಿಸುವಾಗ, ಇಳಿಸುವಾಗ ಮಕ್ಕಳು ಎದುರುಬದುರು ಜೋಡಿಯಾಗಿಯೇ ಹೋಗಲಿ. ಒಂದೇ ಬದಿಗೆ ನಾಲ್ವರು ಕೂತರೆ ಅಷ್ಟೂ ಭಾರ ಶಾಫ್ಟನ್ನು ಬಗ್ಗಿಸಲು ಹೋಗುತ್ತದೆ. ಬೇಲಿ ನಡುಗಂಬದಿಂದ 4.5 ಮೀಟರಿಗಿಂತ ಹತ್ತಿರ ಬೇಡ. ಎಲ್ಲ ಮುಗಿದ ಮೇಲೆ ಪ್ರತಿ ಕುದುರೆಗೆ 50 ಕಿಲೋ ಮರಳು ಚೀಲ ಕಟ್ಟಿ ಅರ್ಧ ಗಂಟೆ ತಿರುಗಿಸಿ, ಹಬ್ ಬಿಸಿಯಾಗಿದೆಯಾ ಅಂತ ಮುಟ್ಟಿ ನೋಡಿ, ಸುಣ್ಣದ ಪರೀಕ್ಷೆ ಇನ್ನೊಮ್ಮೆ ಮಾಡಿ, ಆಮೇಲೆ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸಿ.