ಹುತ್ತರಿಗೆ ಮನೆ ತುಂಬ ಮಕ್ಕಳು, ನನ್ನ ಕೂಸಿಗೆ ಇನ್ನೂ ದಡಾರದ ಲಸಿಕೆಯ ವಯಸ್ಸಾಗಿಲ್ಲ. ಏನು ಮಾಡಲಿ?

ಸುಂಟಿಕೊಪ್ಪದ ಸೊಸೆ

ನಮಸ್ಕಾರ. ನನ್ನ ತವರು ಸಕಲೇಶಪುರ. ಸುಂಟಿಕೊಪ್ಪದ ಹತ್ತಿರದ ತೋಟದ ಮನೆಗೆ ಮದುವೆಯಾಗಿ ಬಂದು ಮೂರು ವರ್ಷವಾಯಿತು. ಮಗಳಿಗೆ ಈಗ ಏಳು ತಿಂಗಳು. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳ ಲಸಿಕೆಗಳೆಲ್ಲ ಹೊತ್ತಿಗೆ ಸರಿಯಾಗಿ ಆಗಿವೆ. ದಡಾರ-ರುಬೆಲ್ಲಾ ಮಾತ್ರ ಒಂಬತ್ತು ತುಂಬಿದ ಮೇಲೆ ಅಂತ ತಾಯಿ ಕಾರ್ಡಿನಲ್ಲಿದೆ.

ನಮ್ಮ ಕೊಡಗಿನ ಸುಗ್ಗಿಹಬ್ಬ ಹುತ್ತರಿಗೆ ಇನ್ನು ಐದು ವಾರ. ಅವತ್ತು ನಮ್ಮ ಹಿರಿಮನೆಯಲ್ಲಿ ನಲವತ್ತು ಜನ ಸೇರುತ್ತಾರೆ. ಎಲೆಗಳ ನೆರೆ ಕಟ್ಟಿ, ಗದ್ದೆಯಿಂದ ಕದಿರು ತಂದು, ತಂಬುಟ್ಟು ತಿಂದು, ಹೆಂಗಸರು ಮಕ್ಕಳೆಲ್ಲ ನಡುಮನೆಯಲ್ಲಿ ಒಂದೇ ಸಾಲಿಗೆ ಚಾಪೆ ಹಾಸಿ ಮಲಗುತ್ತೇವೆ. ಚಳಿಗೆ ಕಿಟಕಿ ಬಾಗಿಲು ಮುಚ್ಚಿರುತ್ತದೆ.

ನನ್ನ ಓರಗಿತ್ತಿ ಕುಶಾಲನಗರದಲ್ಲಿದ್ದಾರೆ. ಅವರ ಮಕ್ಕಳಿಗೆ ನಾಲ್ಕೂವರೆ ಮತ್ತು ಮೂರು ವರ್ಷ. ಹುಟ್ಟಿದಾಗ ಆಸ್ಪತ್ರೆಯಲ್ಲಿ ಹಾಕಿದ್ದು ಬಿಟ್ಟರೆ ಆಮೇಲೆ ಒಂದೂ ಹಾಕಿಸಿಲ್ಲ. ಭಾವನಿಗಂತೂ ಲಸಿಕೆಯಿಂದ ಆಟಿಸಂ ಬರುತ್ತದೆ ಅನ್ನುವುದು ಮನಸ್ಸಿನಲ್ಲಿ ಕೂತುಬಿಟ್ಟಿದೆ. "ನಮ್ಮ ಮಕ್ಕಳು, ನಮ್ಮ ಇಷ್ಟ" ಅನ್ನುತ್ತಾರೆ. "ಹುಷಾರಿಲ್ಲ ಅಂದರೆ ಕರೆದುಕೊಂಡು ಬರಲ್ಲ, ಅಷ್ಟೇ ತಾನೆ" ಅಂತ ಓರಗಿತ್ತಿ ಅಕ್ಕ. ಅತ್ತೆ ಕೇಳಿದರೆ, ಮಳೆಗಾಲದ ಕಕ್ಕಡ ತಿಂಗಳಲ್ಲಿ ಮದ್ದು ಸೊಪ್ಪು ತಿಂದು ಬೆಳೆದ ಮನೆ ಇದು, ಏನೂ ಆಗಲ್ಲ ಅಂತ. ನಮ್ಮವರಿಗೆ ಹಬ್ಬದ ಹೊತ್ತಿನಲ್ಲಿ ಅಣ್ಣನ ಜೊತೆ ಮನಸ್ತಾಪ ಬೇಡ.

ಮಕ್ಕಳಿಗೆ ಲಸಿಕೆ ಹಾಕಿಸಿಕೊಂಡು ಬನ್ನಿ ಅಂತ ಕೇಳುವ ಹಕ್ಕು ನನಗಿದೆಯಾ? ಅಥವಾ ನಾನೇ ಕೂಸನ್ನು ಕರೆದುಕೊಂಡು ತವರಿಗೆ ಹೋಗಿಬಿಡಲಾ? ಹೋದರೆ ಸೊಸೆ ಹಬ್ಬ ಬಿಟ್ಟು ಹೋದಳು ಅನ್ನುವ ಮಾತು ವರ್ಷವಿಡೀ ಉಳಿಯುತ್ತದೆ.

ಮೂರ್ನಾಡಿನವ

ಇದರಲ್ಲಿ ಕೇಳುವುದೇನಿದೆ ತಂಗಿ? ಕೂಸಿನ ವಿಷಯದಲ್ಲಿ ದಾಕ್ಷಿಣ್ಯ ನೋಡಬೇಡಿ. ಲಸಿಕೆ ಹಾಕಿಸದಿದ್ದರೆ ಹಬ್ಬಕ್ಕೆ ಬರಬೇಡಿ ಅಂತ ನಿಮ್ಮ ಯಜಮಾನರ ಬಾಯಲ್ಲೇ ಹೇಳಿಸಿ. ಇಂಥವರಿಂದ ಊರಿಗೇ ತೊಂದರೆ.

ಪೊನ್ನಂಪೇಟೆ ಅಪ್ಪ

"ಇಂಥವರು" ಅಂದಿರಲ್ಲ, ಅವರಲ್ಲಿ ನಾನೂ ಒಬ್ಬ. ಕೇಳಿ.

ನನ್ನ ಮಗನಿಗೆ ಒಂದೂವರೆ ವರ್ಷಕ್ಕೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಬೂಸ್ಟರ್ ಹಾಕಿಸಿದೆವು. ರಾತ್ರಿ ಜ್ವರ 103 ದಾಟಿತು. ಎರಡು ಗಂಟೆಯ ಹೊತ್ತಿಗೆ ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದುಕೊಂಡ. ಹೊರಗೆ ಜಡಿಮಳೆ, ಫೋನಿಗೆ ಸಿಗ್ನಲ್ ಇಲ್ಲ. ಮಗುವನ್ನು ಹೆಂಡತಿಯ ತೊಡೆಯ ಮೇಲೆ ಮಲಗಿಸಿ ಜೀಪು ಓಡಿಸಿದ ಆ ದಾರಿ ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಆಸ್ಪತ್ರೆ ಮುಟ್ಟುವಾಗ ಸರಿಹೋಗಿದ್ದ. ಯಾಕೆ ಹೀಗಾಯಿತು ಅಂತ ಕೇಳಿದೆ. ಲಸಿಕೆಗೂ ಇದಕ್ಕೂ ಸಂಬಂಧವಿಲ್ಲ, ಹೋಗಿ ಅಂದರು. ಒಂದು ಚೀಟಿಯಲ್ಲೂ ಬರೆದುಕೊಡಲಿಲ್ಲ. ಮುಂದಿನ ಲಸಿಕೆಗೆ ನಾನು ಹೋಗಲಿಲ್ಲ.

2022ರ ಮೇ 2ರಂದು ಸುಪ್ರೀಂ ಕೋರ್ಟ್ ಕೋವಿಡ್ ಲಸಿಕೆಯ ಮೊಕದ್ದಮೆಯಲ್ಲಿ ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ, ಮೈಮೇಲಿನ ಹಕ್ಕು ಸಂವಿಧಾನದ 21ನೇ ವಿಧಿಯಲ್ಲೇ ಇದೆ ಅಂತ ಹೇಳಿದೆ. ನಮ್ಮನ್ನು ಊರ ಹೊರಗೆ ನಿಲ್ಲಿಸುವ ಮುಂಚೆ ನಮ್ಮ ಮಾತು ಕೇಳುವವರು ಯಾರಾದರೂ ಇದ್ದಾರಾ?

ನಿವೃತ್ತ ಸಿಸ್ಟರ್, ಗೋಣಿಕೊಪ್ಪ

ನಾನು ಕೇಳುತ್ತೇನೆ. ಮೊದಲು ನಿಮಗೆ, ಆಮೇಲೆ ಸುಂಟಿಕೊಪ್ಪದ ಮಗಳಿಗೆ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಮಗನಿಗೆ ಆದದ್ದು ಜ್ವರದ ಫಿಟ್ಸ್ ಇದ್ದ ಹಾಗಿದೆ. ಆರು ತಿಂಗಳಿಂದ ಐದು ವರ್ಷದೊಳಗಿನ ಕೆಲವು ಮಕ್ಕಳಿಗೆ ಯಾವ ಜ್ವರ ಏರಿದರೂ ಹಾಗಾಗುತ್ತದೆ. ಡಿಪಿಟಿಗೆ ಜ್ವರ ಬರುವುದು ಉಂಟು, ಆ ಜ್ವರದಿಂದ ಅಪರೂಪಕ್ಕೆ ಫಿಟ್ಸ್ ಬರುವುದೂ ಉಂಟು. ಸಂಬಂಧವಿಲ್ಲ ಅಂತ ನಿಮ್ಮನ್ನು ಕಳಿಸಿದ್ದು ತಪ್ಪು. ಲಸಿಕೆಯ ನಂತರ ಹೀಗೆ ಏನಾದರೂ ಆದರೆ ಬರೆದು ಮೇಲಕ್ಕೆ ಕಳಿಸುವ ವ್ಯವಸ್ಥೆ ಇದೆ, ಬರೆಯಲೇಬೇಕಿತ್ತು. ನೀವು ಹೇಳಿದ ಅದೇ ತೀರ್ಪಿನಲ್ಲಿ ಅಡ್ಡಪರಿಣಾಮದ ವರದಿಗಳನ್ನು ಜನರಿಗೆ ಕಾಣುವ ಹಾಗೆ ಇಡಿ ಅಂತಲೂ ಇದೆ. ಊರಿನ ಆರೋಗ್ಯಕ್ಕಾಗಿ ಸರ್ಕಾರ ಒಬ್ಬೊಬ್ಬರ ಸ್ವಾತಂತ್ರ್ಯಕ್ಕೆ ಹದವಾದ ಮಿತಿ ಹಾಕಬಹುದು ಅಂತಲೂ ಇದೆ. ಮೂರನ್ನೂ ಸೇರಿಸಿ ಓದಬೇಕು. ಮಗನನ್ನು ಒಬ್ಬ ಮಕ್ಕಳ ತಜ್ಞರಿಗೆ ತೋರಿಸಿ, ಆ ರಾತ್ರಿಯ ಕಥೆಯನ್ನು ಹೀಗೇ ಹೇಳಿ. ಜ್ವರ ಕಡಿಮೆ ಬರುವ ಬೇರೆ ಬಗೆಯ ಡಿಪಿಟಿಯೂ ಇದೆ. ಮುಂದೆ ಯಾವುದು, ಯಾವಾಗ ಅಂತ ಅವರು ನೋಡಿ ಹೇಳುತ್ತಾರೆ.

ಈಗ ಮಗಳೇ, ನಿನಗೆ.

ನಾನು ಕೆಲಸಕ್ಕೆ ಸೇರಿದ್ದು 1987ರಲ್ಲಿ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ದೇಶದಲ್ಲಿ 1985ರಲ್ಲಿ ಶುರುವಾಗಿ ಎಲ್ಲ ಜಿಲ್ಲೆಗೂ ಹಬ್ಬಲು 1990 ಹಿಡಿಯಿತು. ತಿತಿಮತಿ ಕಡೆಯ ಆದಿವಾಸಿಗಳ ಒಂದು ಹಾಡಿ ನನ್ನ ಪಾಲಿಗಿತ್ತು. ಒಂದು ಮಳೆಗಾಲ ಹೊಳೆ ತುಂಬಿ, ಆನೆಗಳೂ ದಾರಿಗಿಳಿದು, ನಾನು ಎರಡು ತಿಂಗಳು ಅಲ್ಲಿಗೆ ಹೋಗಲಿಲ್ಲ. ಹೋದಾಗ ಒಂದು ಗುಡಿಸಲಿನ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು. ಒಳಗೆ ಕತ್ತಲೆ. ನಾನು ಬಾಗಿಲು ಸರಿಸಿದ ಕೂಡಲೇ ಎರಡು ವರ್ಷದ ಹುಡುಗ ಬೆಳಕು ತಡೆಯಲಾರದೆ ಮುಖ ಗೋಡೆಗೆ ತಿರುಗಿಸಿಕೊಂಡ. ಕಣ್ಣಿಗೆ ಪಿಸುರು ಕಟ್ಟಿ ರೆಪ್ಪೆ ಅಂಟಿತ್ತು. ಬಾಯಿ ತುಂಬ ಹುಣ್ಣು, ಗಂಜಿ ಸಹ ಇಳಿಯುತ್ತಿರಲಿಲ್ಲ. ಅವನು ಬದುಕಿದ. ತಾಯಿಯ ಮಡಿಲಲ್ಲಿದ್ದ ಆರು ತಿಂಗಳ ತಂಗಿಗೆ ಅವನಿಂದಲೇ ಬಂದಿತ್ತು. ಉಸಿರು ಎಳೆದಾಗಲೆಲ್ಲ ಅದರ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ಆಸ್ಪತ್ರೆಗೆ ಸಾಗಿಸಿದೆವು. ಮೂರನೇ ದಿನ ಹೋಯಿತು. ದಡಾರದಲ್ಲಿ ಮಕ್ಕಳು ಹೋಗುವುದು ಹೆಚ್ಚಾಗಿ ಹೀಗೇ, ಬೆನ್ನಿಗೇ ಬರುವ ನ್ಯುಮೋನಿಯಾದಿಂದ, ಭೇದಿಯಿಂದ.

ಆ ತಂಗಿಗೆ ಲಸಿಕೆಯ ವಯಸ್ಸಾಗಿರಲಿಲ್ಲ. ಅಣ್ಣನಿಗೆ ಆಗಿತ್ತು. ಅವನ ಅಪ್ಪ ಅಮ್ಮ ಬೇಡ ಅಂದವರಲ್ಲ. ನಾನು ಹೋಗಿರಲಿಲ್ಲ. ಅದಕ್ಕೇ "ನಮ್ಮ ಮಕ್ಕಳು, ನಮ್ಮ ಇಷ್ಟ" ಅನ್ನುವ ಮಾತು ಕೇಳಿದಾಗ ನನಗೆ ಆ ಗುಡಿಸಲು ಕಾಣುತ್ತದೆ. ಅಲ್ಲಿ ಯಾರಿಗೂ ಇಷ್ಟ ಅನ್ನುವುದೇ ಇರಲಿಲ್ಲ.

ಒಂಬತ್ತು ತಿಂಗಳು ಯಾಕೆ ಅಂದರೆ, ತಾಯಿಯ ರಕ್ತದಿಂದ ಕೂಸಿಗೆ ಬಂದ ರಕ್ಷಣೆ ಇನ್ನೂ ಇರುವಾಗ ಹಾಕಿದರೆ ಅದು ಲಸಿಕೆಯನ್ನೇ ಹಿಡಿಯಗೊಡುವುದಿಲ್ಲ. ಆ ರಕ್ಷಣೆ ತಿಂಗಳು ತಿಂಗಳಿಗೂ ಕರಗುತ್ತಾ ಬರುತ್ತದೆ. ಅದು ಕರಗಿ ಲಸಿಕೆ ಬೀಳುವ ತನಕ ನಡುವೆ ಒಂದು ಸಂದು. ನಿನ್ನ ಮಗಳು ಈಗ ಆ ಸಂದಿನಲ್ಲಿದ್ದಾಳೆ. ಆಗ ಅವಳನ್ನು ಕಾಯುವವರು ಸುತ್ತಲಿನವರು. 2022ರ ಕೊನೆಗೆ ಮುಂಬೈಯಲ್ಲಿ ದಡಾರ ಎದ್ದಾಗ ಆರು ತಿಂಗಳ ಮಕ್ಕಳಿಗೂ ಹೆಚ್ಚುವರಿ ಡೋಸ್ ಕೊಟ್ಟರು, ಆದರೆ ರೋಗ ಹರಡಿರುವ ಕಡೆ ಮಾತ್ರ ಹಾಗೆ ಮಾಡುವುದು.

ಹುಷಾರಿಲ್ಲದಿದ್ದರೆ ಕರೆತರುವುದಿಲ್ಲ ಅನ್ನುವ ನಿನ್ನ ಓರಗಿತ್ತಿಯ ಮಾತು ಒಳ್ಳೆಯ ಮನಸ್ಸಿನದೇ. ಆದರೆ ದಡಾರದ ಗುಳ್ಳೆ ಮೈಮೇಲೆ ಕಾಣುವ ನಾಲ್ಕು ದಿನ ಮೊದಲೇ ಅದು ಅಂಟಲು ಶುರುವಾಗಿರುತ್ತದೆ. ಆಗ ನೋಡಿದರೆ ಬರೀ ನೆಗಡಿ, ಕೆಮ್ಮು, ಕೆಂಗಣ್ಣು. ಸೋಂಕಿನ ಮಗು ಎದ್ದು ಹೋದ ಮೇಲೂ ಮುಚ್ಚಿದ ಕೋಣೆಯ ಗಾಳಿಯಲ್ಲಿ ಎರಡು ಗಂಟೆಯವರೆಗೆ ವೈರಸ್ ಇರಬಹುದು. ಲಸಿಕೆಯೇ ಇಲ್ಲದ ಊರಲ್ಲಿ ಒಬ್ಬರಿಂದ 12ರಿಂದ 18 ಜನರಿಗೆ ಹೋಗುತ್ತದೆ. ಅದಕ್ಕೇ ಇದನ್ನು ತಡೆಯಲು ನೂರಕ್ಕೆ 95 ಜನರಿಗಾದರೂ ರಕ್ಷಣೆ ಇರಬೇಕು ಅನ್ನುವುದು.

ಆಟಿಸಂ ವಿಚಾರ. 1998ರಲ್ಲಿ ಇಂಗ್ಲೆಂಡಿನ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನುವ ವೈದ್ಯ 12 ಮಕ್ಕಳ ಮೇಲೆ ಬರೆದ ಪ್ರಬಂಧದಿಂದ ಈ ಭಯ ಹುಟ್ಟಿತು. ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ವಾಪಸ್ ಪಡೆಯಿತು, ಅದೇ ವರ್ಷ ಅಲ್ಲಿನ ವೈದ್ಯರ ಪಟ್ಟಿಯಿಂದ ಅವರ ಹೆಸರನ್ನೂ ತೆಗೆದರು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ನೋಡಿ 2019ರಲ್ಲಿ ಬರೆದರು, ಲಸಿಕೆ ಹಾಕಿದವರಲ್ಲಿ ಆಟಿಸಂ ಹೆಚ್ಚಿಲ್ಲ. ಮಗು ಕರೆದರೆ ತಿರುಗುವುದಿಲ್ಲ, ಮಾತು ಬರಲಿಲ್ಲ ಅಂತ ಅಪ್ಪ ಅಮ್ಮನಿಗೆ ಗೊತ್ತಾಗುವುದು ವರ್ಷ, ಒಂದೂವರೆ ವರ್ಷಕ್ಕೆ. ಲಸಿಕೆಯೂ ಅದೇ ವಯಸ್ಸಿಗೆ ಬೀಳುವುದರಿಂದ ಎರಡನ್ನೂ ಗಂಟು ಹಾಕಿಬಿಡುತ್ತಾರೆ. ನಿನ್ನ ಭಾವನ ಭಯವನ್ನು ನಾನು ಹಗುರ ಮಾಡುವುದಿಲ್ಲ. 2017ರಲ್ಲಿ ದಡಾರ-ರುಬೆಲ್ಲಾ ಅಭಿಯಾನ ಮೊದಲು ಶುರುವಾದ ರಾಜ್ಯಗಳಲ್ಲಿ ನಮ್ಮದೂ ಒಂದು. ಆಗ ವಾಟ್ಸಾಪ್ ನೋಡಿ ಹೆದರಿ ಶಾಲೆಯ ಗೇಟಿಗೆ ಓಡಿಬಂದ ತಾಯಂದಿರ ಕೈ ನಡುಗುವುದನ್ನು ಕಂಡಿದ್ದೇನೆ.

ಮದ್ದು ಸೊಪ್ಪಿನ ಪಾಯಸ ಕಕ್ಕಡ 18ಕ್ಕೆ ನಮ್ಮ ಮನೆಯಲ್ಲೂ ಮಾಡುತ್ತೇವೆ. ಅದು ಇರಲಿ, ಲಸಿಕೆಯೂ ಇರಲಿ. ಅತ್ತೆಯ ಜೊತೆ ವಾದ ಮಾಡಬೇಡ. ಅವರಿಗೆ ಎಷ್ಟು ವಯಸ್ಸು? ಅರವತ್ತು ದಾಟಿದ್ದರೆ ಮೇಲ್ತೋಳು ತೋರಿಸಿ ಅಂತ ಕೇಳು.

ಮೂರ್ನಾಡಿನವರೇ, ಬರಬೇಡಿ ಅಂತ ಹೇಳಿಸುವುದು ನನಗೆ ಸರಿ ಕಾಣುವುದಿಲ್ಲ. ನಾನೂ ಒಂದು ಸಲ ತೋಟದ ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನ್ ಮನೆಯಲ್ಲಿ, ಅಸ್ಸಾಂ ಕಡೆಯ ಒಬ್ಬ ತಾಯಿಗೆ, ಕಾರ್ಡ್ ಎಲ್ಲಿ, ಇಷ್ಟು ದಿನ ಏನು ಮಾಡುತ್ತಿದ್ದೆ ಅಂತ ಎಲ್ಲರೆದುರು ಗದರಿದೆ. ಮುಂದಿನ ಗುರುವಾರ ಆ ಸಾಲಿನ ಮೂರು ಮನೆಗೆ ಬೀಗ. ಮಕ್ಕಳನ್ನು ಕಣದ ಹಿಂದಿನ ಗೋದಾಮಿನಲ್ಲಿ ಕೂರಿಸಿದ್ದರು. ಆಮೇಲೆ ತಿಳಿಯಿತು, ಅವಳು ಬರದೆ ಇದ್ದದ್ದು ಕಾಫಿ ಹಣ್ಣು ಕುಯ್ಯುವ ಕಾಲಕ್ಕೆ ಒಂದು ದಿನದ ಕೂಲಿ ಹೋಗುತ್ತದೆ ಅಂತ. ಸಂಜೆ ತೂಕ ಮುಗಿಸಿ ಬರುವ ಹೊತ್ತಿಗೆ ನಾನಿರುತ್ತಿರಲಿಲ್ಲ. ಈ ಲಸಿಕೆಯ ವೈಲ್‌ಗೆ ನೀರು ಬೆರೆಸಿದ ಮೇಲೆ ನಾಲ್ಕೇ ಗಂಟೆ, ಉಳಿದದ್ದನ್ನು ಚೆಲ್ಲಬೇಕು. ಹನ್ನೊಂದಕ್ಕೆ ಒಡೆದದ್ದು ನಾಲ್ಕು ಗಂಟೆಗೆ ಬಂದ ಮಗುವಿಗೆ ಆಗುವುದಿಲ್ಲ. ಆ ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿ ಮಧ್ಯಾಹ್ನ ಊಟದ ಬಿಡುವಿಗೆ ಬದಲಿಸಿಕೊಂಡ ಮೇಲೆ ಎಲ್ಲರೂ ಬಂದರು. ನಿಮ್ಮ ತೋಟದ ಲೈನ್ ಮನೆಗಳಲ್ಲೂ ಮಕ್ಕಳಿದ್ದಾರೆ ಮಗಳೇ. ನಿನ್ನ ಕೂಸನ್ನು ಎತ್ತಿ ಆಡಿಸುವವರು ಅವರೇ. ಅವರ ಲೆಕ್ಕವನ್ನೂ ಹಿಡಿ.

ಓರಗಿತ್ತಿಗೆ ಫೋನಿನಲ್ಲಿ ಹೇಳಬೇಡ. ಕೂಸನ್ನೆತ್ತಿಕೊಂಡು ಅವರ ಮನೆಗೇ ಹೋಗು. ಅಕ್ಕ, ಇವಳಿಗೆ ಇನ್ನೂ ಹಾಕುವ ಹಾಗಿಲ್ಲ, ನನಗೆ ಭಯ ಆಗುತ್ತಿದೆ ಅನ್ನು. ಹಕ್ಕಿನ ಮಾತು ಎತ್ತಬೇಡ. ಕೇಳುವ ಹಕ್ಕು ನಿನಗೆ ಖಂಡಿತ ಇದೆ, ಒಪ್ಪದಿದ್ದರೆ ತವರಿಗೆ ಹೋಗುವ ಹಕ್ಕೂ ಇದೆ, ಜನ ಏನಾದರೂ ಅನ್ನಲಿ. ಬಿಟ್ಟುಹೋದ ದಡಾರ-ರುಬೆಲ್ಲಾ ಐದು ವರ್ಷದೊಳಗೆ ಹಾಕಬಹುದು, ಡಿಪಿಟಿ ಏಳರವರೆಗೆ. ಹಾಕಿ ಎರಡು ವಾರಕ್ಕೆ ರಕ್ಷಣೆ ಬರುತ್ತದೆ, ಹಾಗಾಗಿ ಈ ವಾರವೇ ಹೋದರೆ ಹುತ್ತರಿಗೆ ಆದೀತು.

ಪೊನ್ನಂಪೇಟೆ ಅಪ್ಪ

ಸಿಸ್ಟರ್, ನಾಲ್ಕು ವರ್ಷದಲ್ಲಿ "ಬರೆಯಲೇಬೇಕಿತ್ತು" ಅಂತ ಅಂದವರು ನೀವೊಬ್ಬರೇ. ಮಡಿಕೇರಿಗೆ ಕರೆದುಕೊಂಡು ಹೋಗಿ ತೋರಿಸುತ್ತೇನೆ. ಹಾಕಿಸುತ್ತೇನೆ ಅಂತ ಈಗಲೇ ಮಾತು ಕೊಡಲಾರೆ.

ನಿವೃತ್ತ ಸಿಸ್ಟರ್, ಗೋಣಿಕೊಪ್ಪ

ಮಾತು ಬೇಡ. ತೋರಿಸಿ ಸಾಕು. ಜ್ವರ ಎಷ್ಟು ಗಂಟೆಗೆ ಬಂತು, ಸೆಟೆದದ್ದು ಎಷ್ಟು ನಿಮಿಷ ಅಂತ ನೆನಪಿದ್ದಷ್ಟು ಬರೆದುಕೊಂಡು ಹೋಗಿ.

ಸುಂಟಿಕೊಪ್ಪದ ಸೊಸೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ.

ಅತ್ತೆಯ ತೋಳು ಕೇಳಿದೆ ಸಿಸ್ಟರ್. ಅಡಿಗೆಮನೆಯಲ್ಲಿ ಕೂತಿದ್ದವರು ರವಿಕೆಯ ತೋಳು ಮೇಲಕ್ಕೆಳೆದು ತೋರಿಸಿದರು. ಹಳೆಯ ನಾಲ್ಕಾಣೆಯಷ್ಟು ಅಗಲದ ಎರಡು ಗುಳಿ, ನಡುವೆ ಚರ್ಮ ಸುಕ್ಕು. ಸಿಡುಬಿಗೆ ಹಾಕಿದ್ದು. ಅವರ ಚಿಕ್ಕಮ್ಮ ಒಬ್ಬರು ಸಿಡುಬಿನಲ್ಲಿ ಕಣ್ಣು ಕಳೆದುಕೊಂಡಿದ್ದರಂತೆ, ಅದಕ್ಕೆ ಅವರ ಅಪ್ಪ ಮಕ್ಕಳನ್ನೆಲ್ಲ ಎತ್ತಿನ ಗಾಡಿಯಲ್ಲಿ ಕೂರಿಸಿ ಕರೆದುಕೊಂಡು ಹೋಗಿದ್ದರಂತೆ. ಇಷ್ಟು ವರ್ಷ ಈ ಮನೆಯಲ್ಲಿ ಯಾರೂ ಆ ಕಥೆ ಕೇಳಿರಲಿಲ್ಲ. ಸಿಡುಬು ಜಗತ್ತಿನಿಂದಲೇ ಹೋಯಿತು ಅಂತ 1980ರಲ್ಲಿ ಸಾರಿದ್ದನ್ನು ನಾನು ಪಾಠದಲ್ಲಿ ಓದಿದ್ದೆ, ಅಷ್ಟೇ. ಮರುದಿನ ಅತ್ತೆಯೇ ನನ್ನ ಜೊತೆ ಕುಶಾಲನಗರಕ್ಕೆ ಹೊರಟರು.

ಅಕ್ಕ ಒಂದೇ ಮಾತಿಗೆ ಒಪ್ಪಲಿಲ್ಲ. ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಗುರುವಾರ ಬರುತ್ತೇನೆ, ನನ್ನ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಮಾತ್ರ ಅಂದರು. ಹನ್ನೊಂದು ಪ್ರಶ್ನೆ ಬರೆದು ತಂದಿದ್ದರು. ನಮ್ಮ ಉಪಕೇಂದ್ರದ ಸಿಸ್ಟರ್ ಅಷ್ಟಕ್ಕೂ ಉತ್ತರ ಕೊಟ್ಟರು. ವೈಲ್ ಕೈಗೆ ಕೊಟ್ಟು ಎಕ್ಸ್‌ಪೈರಿ ಓದಿಸಿದರು, ಒಡೆದ ಹೊತ್ತು 12:40 ಅಂತ ಅದರ ಮೇಲೆ ಪೆನ್ನಿನಲ್ಲಿ ಬರೆದರು. ಊಟದ ಬಿಡುವಿಗೆ ಅಂತ ರೈಟರಿಗೆ ನಾನು ಮೊದಲೇ ಹೇಳಿದ್ದೆ, ಲೈನ್ ಮನೆಯಿಂದ ಇಬ್ಬರು ಮಕ್ಕಳು ಬಂದರು. ಅಕ್ಕನ ಮಕ್ಕಳು ಇಬ್ಬರಿಗೂ ಆಯಿತು. ಚಿಕ್ಕವಳಿಗೆ ಒಂದು ವಾರ ಕಳೆದು ಒಂದು ದಿನ ಮೈ ಬಿಸಿ ಇತ್ತು. ಅವತ್ತು ರಾತ್ರಿ ಅಕ್ಕ ನಾಲ್ಕು ಸಲ ಫೋನ್ ಮಾಡಿದರು, ನಾಲ್ಕು ಸಲವೂ ಎತ್ತಿದೆ.

ಭಾವ ನನ್ನ ಜೊತೆ ಇನ್ನೂ ಮಾತಾಡುತ್ತಿಲ್ಲ. ಹುತ್ತರಿಯ ರಾತ್ರಿ ನಾನು ಮಗಳು ಅಟ್ಟದ ಮೇಲಿನ ಕೋಣೆಯಲ್ಲಿ ಮಲಗುತ್ತೇವೆ, ಹಾಗೆ ಮಾಡು ಅಂತ ಅಕ್ಕನೇ ಹೇಳಿದ್ದು.

ಒಂದು ಪ್ರಶ್ನೆ ಸಿಸ್ಟರ್. ಎರಡನೇ ಡೋಸಿಗೆ ಒಂದು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ಅಕ್ಕನ ಮಕ್ಕಳ ಹಳೆಯ ಕಾರ್ಡು ಮನೆ ಬದಲಿಸುವಾಗ ಕಳೆದಿದೆ. ಏನು ಮಾಡುವುದು?

ನಿವೃತ್ತ ಸಿಸ್ಟರ್, ಗೋಣಿಕೊಪ್ಪ

ಉಪಕೇಂದ್ರದಲ್ಲಿ ಕೇಳಿ ಹೊಸದಾಗಿ ಬರೆಸಿಕೋ. ಲೈನ್ ಮನೆಯ ಆ ಇಬ್ಬರು ಮಕ್ಕಳಿಗೂ ಬರೆಸಿ, ಅವರ ತಾಯಿಯ ಕೈಗೇ ಕೊಡು. ತೋಟ ಬದಲಿಸಿದಾಗ ಅಲ್ಲಿನ ಸಿಸ್ಟರಿಗೆ ತೋರಿಸಲು ಬೇಕಾಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡು, ಲೈನ್ ಮನೆ ಮಳೆಗಾಲದಲ್ಲಿ ಸೋರುತ್ತದೆ.