ಎರಡು ಟೇಬಲ್ ಜೋಡಿಸಿದರೆ 612 ಸಾಲು 4,471 ಆಗುತ್ತಿದೆ, ಎರರ್ ಏನೂ ಇಲ್ಲ (ಆರ್)

ಸರ್ವೆಹುಡುಗಿ:

ನಮಸ್ಕಾರ ಎಲ್ಲರಿಗೂ. ಆರ್ (ಅಂಕಿಅಂಶದ ಲೆಕ್ಕ ಮಾಡುವ ಸಾಫ್ಟ್‌ವೇರ್) ನನಗೆ ಹೊಸದು. ಒಂದು ಆರೋಗ್ಯ ಸರ್ವೆಯ ಡೇಟಾ ಕೈಗೆ ಬಂದಿದೆ, ಎರಡು ಎಕ್ಸೆಲ್ ಫೈಲ್. ಒಂದರಲ್ಲಿ 612 ಜನರ ವಯಸ್ಸು, ಲಿಂಗ, ಊಟದ ಅಭ್ಯಾಸ ಇತ್ಯಾದಿ. ಇನ್ನೊಂದು ಲ್ಯಾಬ್‌ನಿಂದ ಬಂದದ್ದು, 598 ಜನರ ಹಿಮೋಗ್ಲೋಬಿನ್. ಎರಡರಲ್ಲೂ ಐಡಿ ಅನ್ನುವ ಕಾಲಂ ಇದೆ. ಅದನ್ನು ಹಿಡಿದು ಲೆಫ್ಟ್_ಜಾಯಿನ್ (ಮೊದಲ ಟೇಬಲಿನ ಎಲ್ಲ ಸಾಲನ್ನೂ ಇಟ್ಟುಕೊಂಡು ಎರಡನೆಯದನ್ನು ಜೋಡಿಸುವ ಆಜ್ಞೆ) ಮಾಡಿದರೆ 612 ಸಾಲು ಬರಬೇಕು, ಅಲ್ವಾ? 4,471 ಬಂತು!

ಎರರ್ ಇಲ್ಲ. ಒಂದು ವಾರ್ನಿಂಗ್ ಬರುತ್ತದೆ: ಇಲ್ಲಿ ಮೆನಿ-ಟು-ಮೆನಿ (ಒಂದೇ ಐಡಿಗೆ ಎರಡೂ ಕಡೆ ಹಲವು ಸಾಲು) ಸಂಬಂಧ ಇದೆ, ನಿಮಗೆ ಬೇಕಾದದ್ದೇ ಅದಾದರೆ ರಿಲೇಷನ್‌ಶಿಪ್ ಅನ್ನುವ ಆರ್ಗ್ಯುಮೆಂಟಿನಲ್ಲಿ ಹಾಗಂತ ಹೇಳಿ, ವಾರ್ನಿಂಗ್ ನಿಲ್ಲುತ್ತದೆ ಅಂತ. ಹೇಳಿದೆ, ನಿಂತಿತು. ಸಾಲು ಮಾತ್ರ ಅಷ್ಟೇ ಇದೆ.

ಜೊತೆಗೆ ಕೆಲಸ ಮಾಡುವವರೊಬ್ಬರು "ಮಲ್ಟಿಪಲ್ ಅನ್ನುವ ಕಡೆ ಫಸ್ಟ್ ಅಂತ ಹಾಕು, ಸರಿಹೋಗುತ್ತೆ" ಅಂದರು. ಹಾಕಿದೆ. ಸರಿಯಾಗಿ 612 ಸಾಲು ಬಂತು, ವಾರ್ನಿಂಗೂ ಇಲ್ಲ. ಆದರೆ ಸರಾಸರಿ ತೆಗೆದರೆ ಗಂಡಸರ ಹಿಮೋಗ್ಲೋಬಿನ್ 12.9, ಹೆಂಗಸರದ್ದು 12.8. ಗಂಡಸರದ್ದು ಜಾಸ್ತಿ ಇರಬೇಕಲ್ವಾ? ಈ ಟೇಬಲ್ ರಿಪೋರ್ಟಿಗೆ ಹೋಗಬೇಕು. ಕಳಿಸೋಕೆ ಧೈರ್ಯ ಬರುತ್ತಿಲ್ಲ. ಸ್ಕ್ರೀನ್‌ಶಾಟ್ ಹಾಕಿದ್ದೇನೆ, ಯಾರಾದರೂ ನೋಡಿ ಹೇಳಿ.

ವೇಗದೂತ:

ಡಿಸ್ಟಿಂಕ್ಟ್ ಹಾಕಿ. ಡಬಲ್ ಸಾಲೆಲ್ಲ ಹೋಗುತ್ತೆ.

ಎಣಿಕೆಗಾರ:

ಡಿಸ್ಟಿಂಕ್ಟ್ ಬೇಡ. ಫಸ್ಟ್ ಕೂಡ ಬೇಡ, ಅದನ್ನು ಈಗಲೇ ತೆಗೆಯಿರಿ. ಅದು ಏನು ಮಾಡುತ್ತದೆ ಅಂದರೆ, ಒಂದು ಐಡಿಗೆ ಲ್ಯಾಬ್ ಫೈಲಿನಲ್ಲಿ ಒಂಬತ್ತು ಸಾಲು ಸಿಕ್ಕಿದರೆ ಮೊದಲನೆಯದನ್ನು ಇಟ್ಟುಕೊಂಡು ಉಳಿದ ಎಂಟನ್ನು ಸುಮ್ನೆ ಬಿಟ್ಟುಬಿಡುತ್ತದೆ. ಮೊದಲನೆಯದು ಯಾರ ರಕ್ತ ಅಂತ ಅದಕ್ಕೇನು ಗೊತ್ತು? 612 ಬಂದದ್ದು ಸರಿಯಾದ್ದರಿಂದ ಅಲ್ಲ. ಎಡಗಡೆಯ ಪ್ರತಿ ಸಾಲಿಗೂ ಒಂದೇ ಜೋಡಿ ಅಂತ ನೀವೇ ಕಟ್ಟು ಹಾಕಿದ್ದೀರಿ, ಅದಕ್ಕೆ ಬಂತು.

ನಿಮ್ಮ ಅನುಮಾನ ಸರಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ರಕ್ತಹೀನತೆಗೆ ಹಾಕಿರುವ ಗೆರೆಯೇ ಬೇರೆ ಬೇರೆ: ದೊಡ್ಡ ಗಂಡಸರಿಗೆ ಡೆಸಿಲೀಟರಿಗೆ 13 ಗ್ರಾಂ, ಗರ್ಭಿಣಿಯರಲ್ಲದ ಹೆಂಗಸರಿಗೆ 12. ಇಬ್ಬರ ಸರಾಸರಿಯೂ ಹೆಚ್ಚುಕಮ್ಮಿ ಒಂದೇ ಬಂದರೆ ಯಾರದ್ದೋ ರಕ್ತ ಯಾರದ್ದೋ ಸಾಲಿಗೆ ಅಂಟಿಕೊಂಡಿದೆ ಅಂತಲೇ ನಾನು ಮೊದಲು ನೋಡುತ್ತೇನೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಸ್ಕ್ರೀನ್‌ಶಾಟಿನಿಂದ ಉಪಯೋಗ ಕಮ್ಮಿ. ಅದನ್ನು ಯಾರೂ ಕಾಪಿ ಮಾಡಿ ತಮ್ಮ ಆರ್‌ನಲ್ಲಿ ಓಡಿಸೋಕೆ ಆಗಲ್ಲ. ನಿಜವಾದ ಡೇಟಾ ಹಾಕಿ ಅಂತಲೂ ನಾನು ಹೇಳುತ್ತಿಲ್ಲ, ಜನರ ರಕ್ತದ ವರದಿ ಅದು, ಹಾಕಲೇಬಾರದು. ಐಡಿಯ ಆಕಾರ ಹಾಗೇ ಇಟ್ಟು, ಅಂಕಿ ಬದಲಿಸಿ, ಎರಡೂ ಟೇಬಲಿನಿಂದ ಹತ್ತು ಹತ್ತು ಸಾಲು ಕೈಯಲ್ಲೇ ಬರೆದು ಹಾಕಿ. ಜಾಯಿನ್ ಮಾಡಿದ ಸಾಲನ್ನೂ ಹಾಕಿ. ಅಷ್ಟು ಸಾಕು.

ಒಂದು ವಿಷಯ ಮಾತ್ರ ಸ್ಕ್ರೀನ್‌ಶಾಟಿನಲ್ಲೂ ಕಣ್ಣಿಗೆ ಬಿತ್ತು. ನಿಮ್ಮ ಐಡಿ ಕಾಲಂ ತುಂಬ 4.10ಇ15 (4.10 ಗುಣಿಸು ಹತ್ತರ 15ನೇ ಘಾತ) ಅಂತ ಒಂದೇ ಥರ ಕಾಣುತ್ತಿದೆ. ಅಂದರೆ ಆರ್ ಅದನ್ನು ಸಂಖ್ಯೆ ಅಂತ ಓದಿದೆ. ಉದ್ದ 16 ಅಂಕಿ. ಈ ಮೂರು ನೋಡಿ ಹೇಳಿ:

ಒಂದು, ಎನ್_ಡಿಸ್ಟಿಂಕ್ಟ್ ಹಾಕಿ ಎರಡೂ ಫೈಲಿನಲ್ಲಿ ಬೇರೆ ಬೇರೆ ಐಡಿ ಎಷ್ಟಿವೆ ಅಂತ ಎಣಿಸಿ.

ಎರಡು, ಫಾರ್ಮ್ಯಾಟ್ ಫಂಕ್ಷನ್‌ಗೆ ಐಡಿ ಕಾಲಂ ಕೊಟ್ಟು, ಸೈಂಟಿಫಿಕ್ ಅನ್ನುವುದನ್ನು ಫಾಲ್ಸ್ ಮಾಡಿ. ಆಗ ಪೂರ್ತಿ ಅಂಕಿ ಕಾಣುತ್ತದೆ. ಕೊನೆಯ ಅಂಕಿ ಏನಿದೆ ನೋಡಿ. (ಡೇಟಾವನ್ನು ಕಾಪಿ ಮಾಡುವ ಹಾಗೆ ಬರೆದು ತೋರಿಸೋಕೆ ಸಾಮಾನ್ಯವಾಗಿ ಡಿಪುಟ್ ಹಾಕಿ ಅಂತ ಹೇಳುತ್ತೇವೆ. ಇಲ್ಲಿ ಬೇಡ. ಸುಮ್ನೆ ಓಡಿಸಿದರೆ ಅದು 15 ಅಂಕಿಗೇ ನಿಲ್ಲುತ್ತದೆ, ನಾವು ಹುಡುಕುತ್ತಿರುವುದು ಹದಿನಾರನೆಯದನ್ನು.)

ಮೂರು, ಕಾಗದದ ಫಾರಂ ಇದ್ದರೆ ಯಾವುದಾದರೂ ಒಂದರ ಮೇಲಿನ ಐಡಿಯನ್ನು ಇದರ ಪಕ್ಕ ಇಟ್ಟು ಹೋಲಿಸಿ.

ಸರ್ವೆಹುಡುಗಿ:

ಸರ್, ಥ್ಯಾಂಕ್ಸ್. ನೋಡಿದೆ. ಸರ್ವೆ ಫೈಲಿನ 612 ಸಾಲಿನಲ್ಲಿ ಬೇರೆ ಬೇರೆ ಐಡಿ ಇರುವುದು ಬರೀ 103! ಲ್ಯಾಬ್‌ನದರಲ್ಲಿ 102. ಕೊನೆಯ ಅಂಕಿ ಎಲ್ಲ ಸಾಲಿನಲ್ಲೂ ಸೊನ್ನೆ, ಒಂದೂ ಬಿಡದೆ.

ಫಾರಂ ಮೇಲೆ ಹೀಗಿದೆ (ಅಂಕಿ ಬದಲಿಸಿದ್ದೇನೆ, ಆಕಾರ ಅದೇ): 4102332401180007. ಮೊದಲ ಆರು ಕೇಂದ್ರದ ಕೋಡ್, ಆಮೇಲೆ ಆರು ದಿನಾಂಕ, ಕೊನೆಯ ನಾಲ್ಕು ಆ ದಿನದ ಕ್ರಮಸಂಖ್ಯೆ. ಆರ್‌ನಲ್ಲಿ ಅದೇ ವ್ಯಕ್ತಿ 4102332401180000. ಇದು ಆರ್ ಮಾಡಿದ್ದಾ?

ಎಣಿಕೆಗಾರ:

ಅಲ್ಲ, ಈ ಸಲ ಆರ್ ಬಡಪಾಯಿ.

ಆರ್‌ನ ಮಾಮೂಲಿ ಸಂಖ್ಯೆ 9,007,199,254,740,992ರವರೆಗೆ ಪ್ರತಿ ಪೂರ್ಣಾಂಕವನ್ನೂ ಚಾಚೂ ತಪ್ಪದೆ ಹಿಡಿದಿಡುತ್ತದೆ. ಎರಡರ 53ನೇ ಘಾತ ಅದು. ನಿಮ್ಮ ಐಡಿ ನಾಲ್ಕರಿಂದ ಶುರುವಾಗುವುದರಿಂದ ಅದರೊಳಗೇ ಇದೆ. ಕೇಂದ್ರದ ಕೋಡ್ 91ರಿಂದ ಶುರುವಾಗಿದ್ದರೆ ಆರ್ ಕೂಡ ಕೈಕೊಡುತ್ತಿತ್ತು, ಅದು ಬೇರೆ ಮಾತು.

ಕೊನೆಯ ಅಂಕಿ ತಿಂದದ್ದು ಎಕ್ಸೆಲ್. ಸಂಖ್ಯೆಯಲ್ಲಿ ಅದು ಇಟ್ಟುಕೊಳ್ಳುವುದು 15 ಅಂಕಿ ಮಾತ್ರ. ಹದಿನಾರನೆಯದು ಬಂದರೆ ಅದನ್ನು ಸೊನ್ನೆ ಮಾಡುತ್ತದೆ. ಹಳೆಯ ಎಕ್ಸೆಲ್ ಆದರೆ ಕೇಳುವುದೂ ಇಲ್ಲ, ಹೇಳುವುದೂ ಇಲ್ಲ. ಯಾರೋ ಮೂಲ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯದ) ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದು, ಎಕ್ಸೆಲ್ ಫೈಲ್ ಅಂತ ಸೇವ್ ಮಾಡಿ ನಿಮಗೆ ಕಳಿಸಿದ್ದಾರೆ. ಎರಡು ಕಡೆಯೂ ಹಾಗೇ ಆಗಿದೆ.

ಈಗ ಲೆಕ್ಕ ನೋಡಿ, ಎಷ್ಟು ಚೆನ್ನಾಗಿ ಕೂರುತ್ತದೆ ಅಂತ. ಒಂದು ಕೇಂದ್ರಕ್ಕೆ ಒಂದು ದಿನ 12 ಜನ ಬಂದರು ಅಂದುಕೊಳ್ಳಿ. ಕ್ರಮಸಂಖ್ಯೆ 1ರಿಂದ 9ರವರೆಗಿನ ಒಂಬತ್ತೂ ಜನರ ಕೊನೆಯ ನಾಲ್ಕು ಅಂಕಿ 0000 ಆಯಿತು. 10, 11, 12 ಮೂರೂ 0010 ಆಯಿತು. ಹನ್ನೆರಡು ಜನಕ್ಕೆ ಉಳಿದದ್ದು ಎರಡೇ ಐಡಿ. ಲ್ಯಾಬ್ ಫೈಲಿನಲ್ಲೂ ಅದೇ ಕಥೆ. ಜೋಡಿಸಿದಾಗ ಈ ಒಂಬತ್ತರಲ್ಲಿ ಪ್ರತಿಯೊಬ್ಬರಿಗೂ ಆ ಒಂಬತ್ತೂ ರಕ್ತ, 81 ಸಾಲು. ಮೂರು ಮೂರಲೆ 9. ಒಟ್ಟು 12 ಸಾಲಿದ್ದದ್ದು 90 ಆಯಿತು, ಏಳೂವರೆ ಪಟ್ಟು. 612ರ ಏಳೂವರೆ ಪಟ್ಟು 4,590. ನಿಮಗೆ 4,471 ಬಂದಿದೆ. ದಿನಕ್ಕೆ ಬಂದವರ ಸಂಖ್ಯೆ ಹೆಚ್ಚುಕಮ್ಮಿ ಇರುತ್ತದೆ, ಕೆಲವರ ರಕ್ತ ತೆಗೆದಿಲ್ಲ, ಅಷ್ಟು ವ್ಯತ್ಯಾಸ ಇರಲೇಬೇಕು.

ಆ 4,471 ಸಾಲನ್ನೇ ಇಟ್ಟುಕೊಂಡು ರಿಗ್ರೆಷನ್ (ಯಾವುದಕ್ಕೂ ಯಾವುದಕ್ಕೂ ಸಂಬಂಧ ಇದೆ ಅಂತ ಅಳೆಯುವ ಲೆಕ್ಕ) ಓಡಿಸಿದ್ದರೆ? ಸ್ಟ್ಯಾಂಡರ್ಡ್ ಎರರ್ (ಅಂದಾಜು ಎಷ್ಟು ಆಚೀಚೆ ಆಗಬಹುದು ಅನ್ನುವ ಅಳತೆ) ಇರಬೇಕಾದದ್ದಕ್ಕಿಂತ ಸುಮಾರು 2.7 ಪಟ್ಟು ಚಿಕ್ಕದಾಗಿ ಕಾಣುತ್ತಿತ್ತು. ಜನ ಅಷ್ಟೇ, ಸಾಲು ಮಾತ್ರ 7.3 ಪಟ್ಟು, ಅದರ ವರ್ಗಮೂಲ. ಏನೂ ಇಲ್ಲದ ಕಡೆಯೂ ಪಿ-ವ್ಯಾಲ್ಯೂ 0.05ಕ್ಕಿಂತ ಕೆಳಗೆ ಬಂದು, ಏನೋ ಇದೆ ಅನ್ನಿಸಿಬಿಡಬಹುದಿತ್ತು. ಫಸ್ಟ್ ಹಾಕಿದ 612 ಸಾಲಿನದು ಇದಕ್ಕೆ ತದ್ವಿರುದ್ಧ: ಒಂಬತ್ತು ಜನಕ್ಕೆ ಒಬ್ಬರದೇ ಹಿಮೋಗ್ಲೋಬಿನ್, ಗಂಡು ಹೆಣ್ಣು ಭೇದವಿಲ್ಲ. ಇರುವ ವ್ಯತ್ಯಾಸವೂ ಅಳಿಸಿಹೋಗುತ್ತದೆ. ನೀವು ನೋಡಿದ್ದು ಅದನ್ನೇ. ನನ್ನ ಪ್ರಕಾರ ಎರಡನೆಯದೇ ಜಾಸ್ತಿ ಅಪಾಯ. 4,471 ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. 612 ನೋಡಿದರೆ ಬರಲ್ಲ.

ಪರಿಹಾರ: ನಿಮ್ಮ ಹತ್ತಿರ ಇರುವ ಎಕ್ಸೆಲ್ ಫೈಲಿನಿಂದ ಆ ಅಂಕಿ ವಾಪಸ್ ಬರಲ್ಲ. ಕಾಲಂ ಅನ್ನು ಈಗ ಟೆಕ್ಸ್ಟ್ ಮಾಡಿದರೂ ಪ್ರಯೋಜನವಿಲ್ಲ, ಸೊನ್ನೆಯೇ ಟೆಕ್ಸ್ಟ್ ಆಗುತ್ತದೆ. ಸರ್ವೆ ಆ್ಯಪ್‌ನಿಂದಲೂ ಲ್ಯಾಬ್‌ನಿಂದಲೂ ಮೂಲ ಸಿಎಸ್‌ವಿ ಕೇಳಿ. ತೆರೆಯದೆ ಹಾಗೇ ಕಳಿಸಿ ಅಂತ ಬಿಡಿಸಿ ಹೇಳಿ. ರೀಡ್_ಸಿಎಸ್‌ವಿಯಲ್ಲಿ ಓದುವಾಗ ಕಾಲ್_ಟೈಪ್ಸ್ ಅನ್ನುವ ಕಡೆ ಐಡಿಯನ್ನು ಕ್ಯಾರೆಕ್ಟರ್ ಅಂತ ಹೇಳಿ. ಐಡಿಯನ್ನು ಕೂಡಿಸುವುದಿಲ್ಲ, ಕಳೆಯುವುದಿಲ್ಲ, ಅದು ಸಂಖ್ಯೆ ಯಾಕಾಗಬೇಕು?

ಆಮೇಲೆ ಜಾಯಿನ್ ಮಾಡುವಾಗ ರಿಲೇಷನ್‌ಶಿಪ್ ಅನ್ನುವ ಆ ಆರ್ಗ್ಯುಮೆಂಟಿಗೇ ಒನ್-ಟು-ಒನ್ ಅಂತ ಕೊಡಿ. ಒಬ್ಬರಿಗೆ ಎರಡು ಜೋಡಿ ಸಿಕ್ಕಿದರೆ ವಾರ್ನಿಂಗ್ ಅಲ್ಲ, ಎರರ್ ಕೊಟ್ಟು ಅಲ್ಲೇ ನಿಲ್ಲುತ್ತದೆ. ನಿಲ್ಲಲಿ. ಜೊತೆಗೆ ಆ್ಯಂಟಿ_ಜಾಯಿನ್ ಎರಡೂ ದಿಕ್ಕಿನಿಂದ ಓಡಿಸಿ ಯಾರಿಗೆ ಜೋಡಿ ಸಿಗಲಿಲ್ಲ ನೋಡಿ.

ಹಳೇ ಸ್ಟೇಟಾ:

ಸ್ಟೇಟಾ (ಇನ್ನೊಂದು ಅಂಕಿಅಂಶ ಸಾಫ್ಟ್‌ವೇರ್) ಬಳಸುವವರಿಗೂ ಇದೇ ಗುಂಡಿ ಇದೆ, ಇನ್ನೂ ಆಳ. ಅಲ್ಲಿ ಹೊಸ ವೇರಿಯಬಲ್ ಮಾಡಿದರೆ ಮಾಮೂಲಿಯಾಗಿ ಫ್ಲೋಟ್ (ಕಮ್ಮಿ ಅಂಕಿ ಹಿಡಿಯುವ ಸಂಖ್ಯೆಯ ವಿಧ) ಆಗುತ್ತದೆ. ಏಳು ಅಂಕಿ ದಾಟಿದರೆ ಅದನ್ನು ನಂಬುವ ಹಾಗಿಲ್ಲ. ಐಡಿಯನ್ನು ಸ್ಟ್ರಿಂಗ್ (ಅಂದರೆ ಟೆಕ್ಸ್ಟ್) ಮಾಡಿ, ಇಲ್ಲದಿದ್ದರೆ ಡಬಲ್ (ಹೆಚ್ಚು ಅಂಕಿ ಹಿಡಿಯುವ ಸಂಖ್ಯೆಯ ವಿಧ). ಮರ್ಜ್ ಮಾಡುವಾಗ 1:1 ಅಂತಲೇ ಬರೆಯಿರಿ. ಎಂ:ಎಂ (ಮೆನಿ-ಟು-ಮೆನಿ) ಅನ್ನುವುದೂ ಇದೆ, ಅದನ್ನು ಬಳಸಬೇಡಿ ಅಂತ ಸ್ಟೇಟಾದ ಕೈಪಿಡಿಯೇ ಹೇಳುತ್ತದೆ. ಹಾಗಾದರೆ ಯಾಕೆ ಇಟ್ಟಿದ್ದಾರೋ, ದೇವರಿಗೇ ಗೊತ್ತು.

ಇನ್ನೊಂದು. ಸ್ಟೇಟಾದಲ್ಲಿ ಖಾಲಿ ಬೆಲೆ ಎಲ್ಲ ಸಂಖ್ಯೆಗಿಂತ ದೊಡ್ಡದು. ಹಿಮೋಗ್ಲೋಬಿನ್ 13ಕ್ಕಿಂತ ಜಾಸ್ತಿ ಇರುವವರನ್ನು ಎಣಿಸಿ ಅಂದರೆ ರಕ್ತ ಕೊಡದವರೂ ಆ ಲೆಕ್ಕಕ್ಕೆ ಸೇರುತ್ತಾರೆ. ಸಾಸ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ತಿರುಗುಮುರುಗು, ಖಾಲಿಯೇ ಎಲ್ಲಕ್ಕಿಂತ ಚಿಕ್ಕದು. ಅಲ್ಲಿ ಅವರೆಲ್ಲ ರಕ್ತಹೀನರಾಗುತ್ತಾರೆ.

ಪಾಂಡಾಸ್ ಪ್ರಿಯೆ:

ಪೈಥಾನ್ ಕಡೆಯಿಂದ, ಅಂದರೆ ಅದರಲ್ಲಿ ಟೇಬಲ್ ಸಂಭಾಳಿಸುವ ಪಾಂಡಾಸ್ ಬಳಸುವವರಿಗೆ: ಓದುವಾಗ ಡಿಟೈಪ್ (ಕಾಲಂನ ವಿಧ) ಅನ್ನು ಸ್ಟ್ರಿಂಗ್ ಅಂತ ಕೊಡಿ, ಮರ್ಜ್‌ನಲ್ಲಿ ವ್ಯಾಲಿಡೇಟ್ ಅನ್ನುವುದಕ್ಕೆ ಒನ್_ಟು_ಒನ್. ಐಡಿ ಖಾಲಿ ಇರುವ ಸಾಲು ಎರಡೂ ಕಡೆ ಇದ್ದರೆ ಪಾಂಡಾಸ್ ಖಾಲಿಗೂ ಖಾಲಿಗೂ ಗಂಟು ಹಾಕುತ್ತದೆ. ಎಸ್‌ಕ್ಯೂಎಲ್ (ಡೇಟಾಬೇಸ್‌ಗಳ ಭಾಷೆ) ಹಾಗೆ ಮಾಡಲ್ಲ. ಆ ಅಭ್ಯಾಸದಿಂದ ಬಂದವರು ಹುಷಾರು.

@ಎಣಿಕೆಗಾರ, ಲೆಫ್ಟ್_ಜಾಯಿನ್ ಏನು ಮಾಡುತ್ತೆ?

ಎಣಿಕೆಗಾರ:

ಅದೂ ಗಂಟು ಹಾಕುತ್ತದೆ. ಎನ್ಎ_ಮ್ಯಾಚಸ್ (ಎನ್ಎ ಅಂದರೆ ಆರ್‌ನಲ್ಲಿ ಖಾಲಿ ಬೆಲೆ) ಅಂತ ಇದೆ, ಅದಕ್ಕೆ ನೆವರ್ ಅಂತ ಕೊಟ್ಟರೆ ನಿಲ್ಲುತ್ತದೆ.

ಎಕ್ಸೆಲ್ ವಿಷಯಕ್ಕೆ ಒಂದು ಸೇರಿಸುತ್ತೇನೆ. ಮನುಷ್ಯರ ಜೀನ್‌ಗಳಲ್ಲಿ ಮಾರ್ಚ್1, ಸೆಪ್ಟ್1 ಅಂತ ಹೆಸರಿದ್ದವು. ಅದನ್ನು ಎಕ್ಸೆಲ್ ಮಾರ್ಚ್ ಒಂದನೇ ತಾರೀಕು, ಸೆಪ್ಟೆಂಬರ್ ಒಂದನೇ ತಾರೀಕು ಅಂತ ಬದಲಿಸಿಬಿಡುತ್ತಿತ್ತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, ಮಾರ್ಚ್‌ಎಫ್1, ಸೆಪ್ಟಿನ್1 ಅಂತ ಹೊಸ ಹೆಸರಿಟ್ಟಿತು. 2020ರಲ್ಲಿ ಆ ನಿಯಮ ಪ್ರಕಟವೂ ಆಯಿತು. ಆಗ ಸ್ಪ್ರೆಡ್‌ಶೀಟ್ ಬದಲಾಗಲಿಲ್ಲ, ಜೀನ್ ಹೆಸರು ಬದಲಾಯಿತು!

ಸರ್ವೆಹುಡುಗಿ:

ಮೂಲ ಸಿಎಸ್‌ವಿ ಎರಡೂ ಸಿಕ್ಕಿತು. ಐಡಿಯನ್ನು ಕ್ಯಾರೆಕ್ಟರ್ ಅಂತ ಓದಿದೆ. ಬೇರೆ ಬೇರೆ ಐಡಿ ಈಗ 612 ಮತ್ತು 598. ಒನ್-ಟು-ಒನ್ ಹಾಕಿ ಜಾಯಿನ್ ಮಾಡಿದೆ, ಜಗಳವಿಲ್ಲದೆ 612 ಸಾಲು ಬಂತು. ಗಂಡಸರ ಸರಾಸರಿ 13.9, ಹೆಂಗಸರದ್ದು 12.1. ಫಸ್ಟ್ ಹಾಕು ಅಂದವರಿಗೆ ಎರಡೂ ಟೇಬಲ್ ಪಕ್ಕಪಕ್ಕ ತೋರಿಸಿದೆ. ತಮ್ಮ ಹಳೆಯ ಸ್ಕ್ರಿಪ್ಟ್‌ಗಳನ್ನು ಈಗ ಅವರೇ ಒಂದೊಂದಾಗಿ ತೆರೆದು ನೋಡುತ್ತಿದ್ದಾರೆ.

ಆ್ಯಂಟಿ_ಜಾಯಿನ್ ಮಾಡಿದರೆ 17 ಜನಕ್ಕೆ ಲ್ಯಾಬ್ ವರದಿ ಇಲ್ಲ. 14 ಜನ ರಕ್ತ ಕೊಟ್ಟಿಲ್ಲ ಅಂತ ಫಾರಂನಲ್ಲೇ ಇದೆ. ಉಳಿದ ಮೂರು ಗೊತ್ತಾಗುತ್ತಿಲ್ಲ. ಆ ಕಡೆಯಿಂದ ನೋಡಿದರೂ ಲ್ಯಾಬ್‌ನಲ್ಲಿ ಮೂರು ಐಡಿ ಜೋಡಿಯಿಲ್ಲದೆ ಉಳಿದಿವೆ. ಕಣ್ಣಿಗೆ ಎರಡು ಐಡಿ ಅದೇ ಅಂತ ಕಾಣುತ್ತವೆ, ಆರ್ ಮಾತ್ರ ಬೇರೆ ಅನ್ನುತ್ತದೆ.

ಎಣಿಕೆಗಾರ:

ಎನ್‌ಕ್ಯಾರ್ ಹಾಕಿ ಉದ್ದ ನೋಡಿ. 16ರ ಬದಲು 17 ಬಂದರೆ ಕೊನೆಯಲ್ಲೋ ಮೊದಲಲ್ಲೋ ಒಂದು ಖಾಲಿ ಜಾಗ ಕೂತಿದೆ. ಟ್ರಿಮ್‌ಡಬ್ಲ್ಯೂಎಸ್ ಅದನ್ನು ಕಿತ್ತುಹಾಕುತ್ತದೆ. ಉದ್ದ 16 ಇದ್ದೂ ಕೂಡಲಿಲ್ಲ ಅಂದರೆ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಇದೆಯಾ ನೋಡಿ. ಟೈಪ್ ಮಾಡಿದ ಐಡಿಗಳಲ್ಲಿ ಅದು ಮಾಮೂಲಿ.

ಸರ್ವೆಹುಡುಗಿ:

ಎರಡರಲ್ಲಿ ಉದ್ದ 17 ಇತ್ತು. ಟ್ರಿಮ್ ಮಾಡಿದೆ, ಜೋಡಿ ಸಿಕ್ಕಿತು. ಮೂರನೆಯದರಲ್ಲಿ ಓ ಇಲ್ಲ, ಆದರೆ ದಿನಾಂಕದ ಅಂಕಿಯೇ ಬೇರೆ: ಫಾರಂನಲ್ಲಿ 18, ಲ್ಯಾಬ್‌ನಲ್ಲಿ 81. ತಿಂಗಳಲ್ಲಿ 81ನೇ ತಾರೀಕು ಎಲ್ಲಿಂದ ಬರಬೇಕು! ಆದರೂ ನಾನಾಗಿ ತಿದ್ದಿಲ್ಲ. ಅವರ ರಿಜಿಸ್ಟರ್ ನೋಡಿ ಹೇಳಿ ಅಂತ ಲ್ಯಾಬ್‌ಗೆ ಬರೆದಿದ್ದೇನೆ.